ಜೆಕ್–ಸ್ಲೊವಾಕ್ ಇತಿಹಾಸದ ಬಗ್ಗೆ ಒಂದು ಗಂಟೆ ಮಾತಾಡಬೇಕೇ? ತಯಾರಿ ಹೀಗಿರಲಿ

ಜೆಕ್ ಮತ್ತು ಸ್ಲೊವಾಕ್ ಇತಿಹಾಸ, ಸಂಸ್ಕೃತಿಯ ಬಗ್ಗೆ ಸಾರ್ವಜನಿಕ ಉಪನ್ಯಾಸ ಎಂದರೆ ಪ್ರಾಗ್, ಲಂಡನ್, ನ್ಯೂಯಾರ್ಕ್‌ನ ಸಭಾಂಗಣಗಳೇ ಕಣ್ಣ ಮುಂದೆ ಬರುತ್ತವೆ. ಆದರೆ ಇದಕ್ಕೆ ಕನ್ನಡದಲ್ಲೂ ಕೇಳುಗರಿದ್ದಾರೆ. ಮೈಸೂರಿನಲ್ಲಿ ಹಳೇ ಜಾವಾ ಬೈಕನ್ನು ಇನ್ನೂ ಒರೆಸಿ ಇಟ್ಟುಕೊಂಡವರಿದ್ದಾರೆ. ಕಾಲೇಜುಗಳಲ್ಲಿ ಇತಿಹಾಸ ಸಂಘಗಳಿವೆ. ಪ್ರಾಗ್, ಬ್ರ್ನೊ ಕಡೆ ಐಟಿ ಕೆಲಸಕ್ಕೆ ಹೋದ ಕನ್ನಡಿಗರಿದ್ದಾರೆ. "ಮುಂದಿನ ತಿಂಗಳು ನೀವೇ ಒಂದು ಗಂಟೆ ಮಾತಾಡಿಬಿಡಿ" ಎಂದು ಇವರಲ್ಲಿ ಯಾರಾದರೂ ನಿಮ್ಮನ್ನು ಹಿಡಿದುಕೊಂಡರೆ ಎಲ್ಲಿಂದ ಶುರು ಮಾಡುವುದು, ಏನು ಹಿಡಿಯುವುದು, ಏನು ಬಿಡುವುದು ಎಂಬುದಕ್ಕೆ ಈ ಬರಹ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ವಿಷಯದ ಉಪನ್ಯಾಸಗಳಲ್ಲಿ ಬಹುಪಾಲು ಒಂದೇ ಕಡೆ ಎಡವುತ್ತವೆ. ಹೆಸರಿಗೆ ಜೆಕ್ ಮತ್ತು ಸ್ಲೊವಾಕ್. ಮಾತೆಲ್ಲ ಪ್ರಾಗ್, ಪ್ರಾಗ್, ಪ್ರಾಗ್. ಜೆಕೊಸ್ಲೊವಾಕಿಯಾ ಎಂಬ ದೇಶ ಹುಟ್ಟಿದ 1918ರಲ್ಲಿ ಸ್ಲೊವಾಕರು ಒಮ್ಮೆ ಬಂದು ಸೇರುತ್ತಾರೆ, ಅದು ಒಡೆದು 1993ರಲ್ಲಿ ಎದ್ದು ಹೋಗುತ್ತಾರೆ. ನಡುವಿನ ಮುಕ್ಕಾಲು ಶತಮಾನ ಅವರು ಏನು ಮಾಡುತ್ತಿದ್ದರು ಅನ್ನೋದೇ ಗೊತ್ತಾಗುವುದಿಲ್ಲ. ಇದೊಂದನ್ನು ಸರಿಮಾಡಿಕೊಂಡರೆ ನಿಮ್ಮ ಉಪನ್ಯಾಸ ಅರ್ಧ ಗೆದ್ದ ಹಾಗೆ.

ವಿಷಯ ಕಿರಿದು ಮಾಡಿ

ಒಂಬತ್ತನೇ ಶತಮಾನದ ಮಹಾ ಮೊರಾವಿಯಾದಿಂದ ಶುರು ಮಾಡಿ ಯುರೋಪಿಯನ್ ಒಕ್ಕೂಟದವರೆಗೆ ಬರುತ್ತೇನೆ ಅಂತ ಹೊರಟರೆ, ಅರ್ಧ ಗಂಟೆಯಾದರೂ ನೀವು ಇನ್ನೂ 1415ರಲ್ಲಿ ಧರ್ಮಸುಧಾರಕ ಯಾನ್ ಹುಸ್‌ನನ್ನು ಸುಟ್ಟ ಕಥೆಯಲ್ಲೇ ಇರುತ್ತೀರಿ. ನಾಲ್ಕನೇ ಕಾರ್ಲ್ ದೊರೆ 1348ರಲ್ಲಿ ಕಟ್ಟಿದ ವಿಶ್ವವಿದ್ಯಾಲಯ, 1620ರ ಬಿಳಿಗುಡ್ಡದ ಯುದ್ಧ, ಮಾರನೇ ವರ್ಷ ಪ್ರಾಗ್‌ನ ಹಳೇ ಪೇಟೆ ಚೌಕದಲ್ಲಿ 27 ಮಂದಿಗೆ ಮರಣದಂಡನೆ ಎಲ್ಲವೂ ದೊಡ್ಡ ಕಥೆಗಳೇ. ಆದರೆ ಅವು ಬೇರೆ ಬೇರೆ ಸಂಜೆಗಳಿಗೆ ಇರಲಿ.

ಮೊದಲ ಉಪನ್ಯಾಸಕ್ಕೆ 1918ರಿಂದ 1992ರವರೆಗಿನ ಅವಧಿಯೇ ಸರಿ. ಎರಡು ಜನಾಂಗ ಒಂದು ದೇಶ ಕಟ್ಟಿದ್ದು, ಬಾಳಿದ್ದು, ಒಂದು ಹನಿ ರಕ್ತವಿಲ್ಲದೆ ಬೇರೆಯಾಗಿದ್ದು. ಇದಕ್ಕೆ ಆರಂಭವಿದೆ, ಅಂತ್ಯವಿದೆ, ನಡುವೆ ಬೇಕಾದಷ್ಟು ತಿರುವುಗಳಿವೆ. ಇಷ್ಟೂ ಜಾಸ್ತಿ ಅನ್ನಿಸಿದರೆ ಒಬ್ಬ ವ್ಯಕ್ತಿಯನ್ನೋ ಒಂದು ವಸ್ತುವನ್ನೋ ಹಿಡಿಯಿರಿ. ಬಾಟಾ ಚಪ್ಪಲಿ ಒಂದೇ ಸಾಕು, ಒಂದು ಗಂಟೆ ಎಳೆಯಬಹುದು. ತೊಮಾಶ್ ಬಾಟಾ 1894ರಲ್ಲಿ ಜೆಕ್ ನಾಡಿನ ಪೂರ್ವಭಾಗ ಮೊರಾವಿಯಾದ ಜ್ಲೀನ್ ಎಂಬ ಊರಲ್ಲಿ ಅಣ್ಣ, ಅಕ್ಕನ ಜೊತೆ ಶುರು ಮಾಡಿದ ಕಂಪನಿ ಅದು. ಸ್ಲೊವಾಕಿಯಾದ ಇಂದಿನ ಪಾರ್ಟಿಜಾನ್ಸ್ಕೆ ಪಟ್ಟಣ ಹುಟ್ಟಿದ್ದೂ ಬಾಟಾ ಕಾರ್ಖಾನೆಯ ಊರಾಗಿಯೇ. ಕೋಲ್ಕತ್ತದ ಪಕ್ಕದ ಬಾಟಾನಗರದ ಮೂಲವೂ ಅದೇ ಜ್ಲೀನ್. ಜ್ಲೀನ್‌ನ ಕಂಪನಿ ಕಟ್ಟಡದಲ್ಲಿ ಮಾಲೀಕನ ಆಫೀಸೇ ಒಂದು ಲಿಫ್ಟ್. ಕೈ ತೊಳೆಯುವ ಬೇಸಿನ್ ಸಮೇತ ಮಹಡಿಯಿಂದ ಮಹಡಿಗೆ ಓಡಾಡುವ ಕೋಣೆ. ಬಾಟಾ ನಮ್ಮದೇ ಕಂಪನಿ ಅಂದುಕೊಂಡಿರುವ ಸಭೆಗೆ ಇದನ್ನು ಹೇಳಿ ನೋಡಿ.

ನೋಟ್‌ಬುಕ್ಕಿನ ನಡುವೆ ಗೆರೆ ಎಳೆಯಿರಿ

ತಯಾರಿಯ ಮುಖ್ಯ ಕೆಲಸ ಇದು. ಜಾಸ್ತಿ ಸಮಯ ಇಲ್ಲೇ ಕಳೆಯಿರಿ.

ಹಾಳೆಯ ಮಧ್ಯೆ ಉದ್ದಕ್ಕೆ ಗೆರೆ. ಎಡಗಡೆ ಜೆಕ್, ಬಲಗಡೆ ಸ್ಲೊವಾಕ್. ಪ್ರತಿ ಘಟನೆಗೂ ಎರಡೂ ಕಡೆ ಏನಾದರೂ ಬರೆಯಬೇಕು. ಬಲಗಡೆ ಖಾಲಿ ಉಳಿಯಿತೆಂದರೆ ಮತ್ತೆ ಓದಿ.

ಜೆಕ್ ಇತಿಹಾಸವನ್ನು ಎಂಟರಿಂದ ಮುಗಿಯುವ ವರ್ಷಗಳಲ್ಲಿ ಹೇಳುವ ರೂಢಿಯಿದೆ. 1918 ಸ್ವಾತಂತ್ರ್ಯ, 1938 ಮ್ಯೂನಿಕ್, 1948 ಕಮ್ಯುನಿಸ್ಟರ ಕೈಗೆ ಅಧಿಕಾರ, 1968 ಪ್ರಾಗ್ ವಸಂತ ಎಂಬ ಸುಧಾರಣೆಯ ಗಾಳಿ. ಕೇಳುವುದಕ್ಕೆ ಚೆನ್ನಾಗಿದೆ, ನೆನಪಲ್ಲೂ ಉಳಿಯುತ್ತದೆ. ಆದರೆ ಈ ಎಂಟುಗಳ ಲೆಕ್ಕ ಪ್ರಾಗ್‌ನಲ್ಲಿ ಕೂತು ನೋಡಿದವರದ್ದು. ಸ್ಲೊವಾಕರ ರಾಜಧಾನಿ ಬ್ರಾಟಿಸ್ಲಾವಾದಲ್ಲಿ ಕೂತರೆ 1939, 1944, 1969 ಕೂಡ ಅಷ್ಟೇ ದೊಡ್ಡದಾಗಿ ಕಾಣುತ್ತವೆ.

1918 ತೆಗೆದುಕೊಳ್ಳಿ. ಎಡಗಡೆ ಅಕ್ಟೋಬರ್ 28, ಪ್ರಾಗ್‌ನಲ್ಲಿ ಹೊಸ ದೇಶದ ಘೋಷಣೆ. ಬಲಗಡೆ ಅಕ್ಟೋಬರ್ 30. ಮಾರ್ಟಿನ್ ಎಂಬ ಪುಟ್ಟ ಪಟ್ಟಣದಲ್ಲಿ ಸೇರಿದ ಸ್ಲೊವಾಕ್ ಮುಖಂಡರು ತಾವು ಹಂಗೇರಿ ಬಿಟ್ಟು ಜೆಕ್ಕರ ಜೊತೆ ಹೋಗುತ್ತೇವೆ ಎಂದು ಘೋಷಿಸಿದರು. ಎರಡು ದಿನ ಹಿಂದೆ ಪ್ರಾಗ್‌ನಲ್ಲಿ ಏನಾಯಿತು ಅನ್ನೋದು ಅಲ್ಲಿ ಸೇರಿದ್ದವರಿಗೆ ಆ ಹೊತ್ತಿನಲ್ಲಿ ಗೊತ್ತಿರಲಿಲ್ಲ. ಇದನ್ನು ಸಭೆಯಲ್ಲಿ ನಿಧಾನವಾಗಿ ಹೇಳಿ. ಸ್ಲೊವಾಕರು ಪ್ರಾಗ್‌ನ ಬಾಲ ಹಿಡಿದು ಬಂದವರಲ್ಲ, ತಾವಾಗಿ ನಿರ್ಧರಿಸಿದವರು ಎಂಬುದು ಒಂದೇ ಏಟಿಗೆ ಅರ್ಥವಾಗುತ್ತದೆ.

ದೇಶ ಕಟ್ಟಿದ ಮೂವರ ಹೆಸರು ಹೇಳುವಾಗ ಮಸಾರಿಕ್, ಬೆನೆಶ್ ಎಂದು ಹೇಳಿ ಸುಮ್ನೆ ಮುಂದೆ ಹೋಗಬೇಡಿ. ಮೂರನೆಯವನು ಮಿಲಾನ್ ರಸ್ತಿಸ್ಲಾವ್ ಶ್ಟೆಫಾನಿಕ್. ಸ್ಲೊವಾಕ್ ಪಾದ್ರಿಯ ಮಗ, ಖಗೋಳ ವಿಜ್ಞಾನಿ, ವಿಮಾನ ಚಾಲಕ, ಫ್ರೆಂಚ್ ಸೇನೆಯಲ್ಲಿ ಜನರಲ್. 1919ರ ಮೇ 4ರಂದು ಊರಿಗೆ ವಾಪಸು ಬರುವಾಗ ಬ್ರಾಟಿಸ್ಲಾವಾ ಹತ್ತಿರ ಅವನ ವಿಮಾನ ಬಿತ್ತು. ಸಾಯುವಾಗ ಅವನಿಗೆ 40 ಕೂಡ ಆಗಿರಲಿಲ್ಲ. ಇನ್ನು ಮೊದಲ ಅಧ್ಯಕ್ಷ ಮಸಾರಿಕ್ ಮೊರಾವಿಯಾದಲ್ಲಿ ಹುಟ್ಟಿದ್ದರೂ ಅವನ ಅಪ್ಪ ಸ್ಲೊವಾಕ್. ಹೆಂಡತಿ ಅಮೆರಿಕದವಳು, ಅವಳ ಮನೆತನದ ಹೆಸರು ಗ್ಯಾರಿಗ್. ಅದನ್ನು ಮಸಾರಿಕ್ ತನ್ನ ಹೆಸರಿನ ಮಧ್ಯೆ ಸೇರಿಸಿಕೊಂಡ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ, ಅಲ್ವಾ?

ಮುನಿಸಿನ ಬೀಜವೂ ಅದೇ ವರ್ಷದ್ದು. 1918ರ ಮೇ ತಿಂಗಳಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ವಲಸೆ ಹೋದ ಜೆಕ್ಕರು, ಸ್ಲೊವಾಕರು ಒಂದು ಒಪ್ಪಂದ ಮಾಡಿಕೊಂಡರು. ಸ್ಲೊವಾಕಿಯಾಗೆ ತನ್ನದೇ ಆಡಳಿತ, ಸಭೆ, ನ್ಯಾಯಾಲಯ ಇರುತ್ತದೆ ಎಂದು ಅದರಲ್ಲಿತ್ತು. ಆಮೇಲೆ ಪ್ರಾಗ್ ಅದನ್ನು ಹಾಗೆಯೇ ಜಾರಿಗೆ ತರಲಿಲ್ಲ. ಸ್ಲೊವಾಕಿಯಾದಲ್ಲಿ ಓದಿದವರು ಕಡಿಮೆ ಎಂದು ಜೆಕ್ ಮೇಷ್ಟ್ರುಗಳು, ಗುಮಾಸ್ತರು ಸಾಲುಸಾಲಾಗಿ ಬಂದರು. ಶಾಲೆಗಳು ತೆರೆದವು ನಿಜ, ಜೊತೆಗೆ "ಇವರು ನಮ್ಮ ಮೇಲೆ ಕೂತರು" ಎಂಬ ಮಾತೂ ಹುಟ್ಟಿತು.

1938ರ ಸೆಪ್ಟೆಂಬರ್ ಕೊನೆ. ಮ್ಯೂನಿಕ್‌ನಲ್ಲಿ ಹಿಟ್ಲರ್, ಮುಸ್ಸೊಲಿನಿ, ಚೇಂಬರ್ಲೇನ್, ದಲಾದಿಯೇ ಕೂತು ಜೆಕೊಸ್ಲೊವಾಕಿಯಾದ ಗಡಿ ಪ್ರದೇಶ ಕೊಯ್ದು ಜರ್ಮನಿಗೆ ಕೊಟ್ಟರು. ಯಾರ ನೆಲವೋ ಅವರನ್ನೇ ಒಳಗೆ ಕರೆಯಲಿಲ್ಲ. ಇದು ಎಡಗಡೆ. ಬಲಗಡೆ 1939ರ ಮಾರ್ಚ್ 14. ಕ್ಯಾಥೊಲಿಕ್ ಪಾದ್ರಿ ಯೊಜೆಫ್ ಟಿಸೊ ನೇತೃತ್ವದಲ್ಲಿ, ಹಿಟ್ಲರನ ನೆರಳಲ್ಲಿ ಸ್ಲೊವಾಕ್ ರಾಜ್ಯ ಹುಟ್ಟಿತು. ಮಾರನೇ ದಿನ ಜರ್ಮನ್ ಸೇನೆ ಪ್ರಾಗ್‌ಗೆ ಬಂತು. ಜೆಕ್ಕರಿಗೆ ಅದು ಆಕ್ರಮಣದ ದಿನ. ಸ್ಲೊವಾಕರಲ್ಲಿ ಕೆಲವರಿಗೆ ಅದು ಮೊದಲ ಸ್ವಂತ ರಾಜ್ಯ, ಹಲವರಿಗೆ ನಾಚಿಕೆಯ ಅಧ್ಯಾಯ. ಆ ಜಗಳ ಅಲ್ಲಿ ಇವತ್ತಿಗೂ ಮುಗಿದಿಲ್ಲ.

1942ರ ಮೇ 27ಕ್ಕೆ ಗೆರೆಯ ಎರಡೂ ಕಡೆ ಒಂದೊಂದು ಹೆಸರು ಬರುತ್ತದೆ. ಪ್ರಾಗ್‌ನಲ್ಲಿ ನಾಜಿ ಅಧಿಪತಿ ಹೈಡ್ರಿಕ್‌ನ ಕಾರಿಗೆ ಅಡ್ಡ ನಿಂತವರು ಇಬ್ಬರು. ಯೊಜೆಫ್ ಗಾಬ್ಚೀಕ್ ಸ್ಲೊವಾಕ್, ಯಾನ್ ಕುಬಿಶ್ ಜೆಕ್. ಗಾಬ್ಚೀಕ್‌ನ ಬಂದೂಕು ಕೈಕೊಟ್ಟಿತು, ಕುಬಿಶ್ ಬಾಂಬ್ ಎಸೆದ. ಹೈಡ್ರಿಕ್ ಜೂನ್ 4ಕ್ಕೆ ಸತ್ತ. ಸೇಡಿಗೆ ಜೂನ್ 10ರಂದು ಲಿದಿತ್ಸೆ ಎಂಬ ಹಳ್ಳಿಯನ್ನೇ ಅಳಿಸಿದರು. ಜೂನ್ 18ರಂದು ರೆಸ್ಲೊವಾ ಬೀದಿಯ ಚರ್ಚಿನಲ್ಲಿ ಅಡಗಿದ್ದ ಇವರಿಬ್ಬರೂ, ಜೊತೆಗಿದ್ದ ಐವರೂ ಸತ್ತರು. ನೆಲಮಾಳಿಗೆಗೆ ನೀರು ತುಂಬಿಸಿದರೂ ಯಾರೂ ಶರಣಾಗಲಿಲ್ಲ. ಆ ಮಾಳಿಗೆಯ ಗೋಡೆಯ ಮೇಲೆ ಗುಂಡಿನ ಗುರುತು ಇನ್ನೂ ಇದೆ. ಒಂದೇ ಒಂದು ಸ್ಲೈಡ್ ಹಾಕುವುದಾದರೆ ಅದರ ಹೊರಗೋಡೆಯ ಚಿತ್ರ ಹಾಕಿ.

1944ರ ಆಗಸ್ಟ್ 29ರ ಸ್ಲೊವಾಕ್ ರಾಷ್ಟ್ರೀಯ ದಂಗೆ ಬಲಗಡೆಯ ಕಾಲಂನ ಹೃದಯ. ಬಾನ್ಸ್ಕಾ ಬಿಸ್ತ್ರಿತ್ಸಾ ಅದರ ಕೇಂದ್ರ. ಟಿಸೊ ಸರ್ಕಾರದ್ದೇ ಸೇನೆಯ ದೊಡ್ಡ ಭಾಗ ಜರ್ಮನರ ವಿರುದ್ಧ ತಿರುಗಿಬಿತ್ತು. ಎರಡು ತಿಂಗಳಲ್ಲಿ ದಂಗೆಯನ್ನು ತುಳಿದರು. ಇದನ್ನು ಬಿಟ್ಟ ಉಪನ್ಯಾಸಕ್ಕೆ ಸ್ಲೊವಾಕ್ ಎಂಬ ಹೆಸರು ಹಾಕಬಾರದು ಎಂದೇ ನನ್ನ ಅಭಿಪ್ರಾಯ.

ಇನ್ನು 1968. ಪ್ರಾಗ್ ವಸಂತದ ನಾಯಕ ಅಲೆಕ್ಸಾಂಡರ್ ದುಬ್ಚೆಕ್ ಸ್ಲೊವಾಕ್. ಊಹ್ರೊವೆಟ್ಸ್ ಎಂಬ ಹಳ್ಳಿಯಲ್ಲಿ ಅವನು ಹುಟ್ಟಿದ ಮನೆಯಲ್ಲೇ ನೂರು ವರ್ಷಕ್ಕೂ ಹಿಂದೆ, 1815ರಲ್ಲಿ, ಸ್ಲೊವಾಕ್ ಭಾಷೆಗೆ ಬರಹದ ರೂಪ ಕೊಟ್ಟ ಲ್ಯುದೊವೀಟ್ ಶ್ಟೂರ್ ಹುಟ್ಟಿದ್ದ. ಅದೇ ಮನೆ. ಆಗಸ್ಟ್ 20ರ ರಾತ್ರಿ ಸೋವಿಯತ್ ನೇತೃತ್ವದ ಟ್ಯಾಂಕುಗಳು ಬಂದವು, ವಸಂತ ಮುಗಿಯಿತು. ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ನೀವು ನಿಲ್ಲಿಸಬೇಡಿ. ಆ ವರ್ಷದ ಸುಧಾರಣೆಗಳಲ್ಲಿ ಉಳಿದದ್ದು ಒಂದೇ. ದೇಶವನ್ನು ಎರಡು ಗಣರಾಜ್ಯಗಳ ಒಕ್ಕೂಟ ಮಾಡುವ ಕಾನೂನು. ಅದಕ್ಕೆ ಅಕ್ಟೋಬರ್ 30ರಂದು ಬ್ರಾಟಿಸ್ಲಾವಾ ಕೋಟೆಯಲ್ಲಿ ಸಹಿ ಬಿತ್ತು, 1969ರ ಜನವರಿ 1ರಿಂದ ಜಾರಿಗೆ ಬಂತು. ದುಬ್ಚೆಕ್‌ನನ್ನು ಕೆಳಗಿಳಿಸಿ ಕುರ್ಚಿಗೆ ಬಂದ ಗುಸ್ತಾವ್ ಹುಸಾಕ್ ಕೂಡ ಸ್ಲೊವಾಕ್. ಹಾಗಾಗಿ "ಜೆಕ್ಕರು ಆಳಿದರು, ಸ್ಲೊವಾಕರು ಸಹಿಸಿಕೊಂಡರು" ಎಂಬ ಸರಳ ಕಥೆಯೂ ನಿಲ್ಲುವುದಿಲ್ಲ. ಎರಡು ಕಾಲಂ ಬರೆಯುವ ಲಾಭವೇ ಇದು.

ಕಮ್ಯುನಿಸ್ಟರ ಆಡಳಿತ ಬಿದ್ದ 1989ಕ್ಕೂ ಹೀಗೇ ಮಾಡಿ. ನವೆಂಬರ್ 17ಕ್ಕೆ ಪ್ರಾಗ್‌ನ ನಾರೊದ್ನೀ ಬೀದಿಯಲ್ಲಿ ವಿದ್ಯಾರ್ಥಿಗಳ ಮೇಲೆ ಪೊಲೀಸರು ಲಾಠಿ ಬೀಸಿದ್ದು ಎಲ್ಲರಿಗೂ ಗೊತ್ತು. ಹಿಂದಿನ ದಿನ, ನವೆಂಬರ್ 16ಕ್ಕೆ, ಬ್ರಾಟಿಸ್ಲಾವಾದ ವಿದ್ಯಾರ್ಥಿಗಳು ಆಗಲೇ ಬೀದಿಗೆ ಇಳಿದಿದ್ದರು. 1988ರ ಮಾರ್ಚ್ 25ಕ್ಕೆ ಅದೇ ಊರಲ್ಲಿ ಜನ ಕೈಯಲ್ಲಿ ಮೇಣದಬತ್ತಿ ಹಿಡಿದು ಧಾರ್ಮಿಕ ಸ್ವಾತಂತ್ರ್ಯ ಕೇಳಿ ನಿಂತಿದ್ದರು. ಪೊಲೀಸರು ಜಲಫಿರಂಗಿ ಬಿಟ್ಟರು.

ದಿನ, ಪೋಸ್ಟರು

ದಿನ ಆರಿಸಲು ನವೆಂಬರ್ 17 ಒಳ್ಳೆಯದು. ಎರಡೂ ದೇಶ ಅದನ್ನು ತಮ್ಮದೆಂದು ನೆನೆಯುತ್ತವೆ. ಒಂದೇ ತೊಂದರೆ, ನವೆಂಬರ್ ಪೂರ್ತಿ ನಮ್ಮಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಗಳು. ಸಭಾಂಗಣ ಬೇಗ ಹಿಡಿದಿಟ್ಟುಕೊಳ್ಳಿ. ಅಕ್ಟೋಬರ್ 28 ಇಟ್ಟರೆ ದೀಪಾವಳಿ ಎದುರಾಗಬಹುದು, ಕ್ಯಾಲೆಂಡರ್ ನೋಡಿ.

ಪೋಸ್ಟರಿನಲ್ಲಿ ಒಂದು ಬಲೆ ಇದೆ. ಹಳೇ ಜೆಕೊಸ್ಲೊವಾಕಿಯಾದ ಬಾವುಟ ಹಾಕಿದರೆ ಆಯಿತು ಅಂದುಕೊಳ್ಳುತ್ತೇವೆ. ಬಿಳಿ, ಕೆಂಪು, ಪಕ್ಕದಲ್ಲಿ ನೀಲಿ ತ್ರಿಕೋನ. ಆದರೆ ಅದೇ ಬಾವುಟ ಈಗ ಜೆಕ್ ದೇಶದ್ದು. ಬೇರೆಯಾಗುವಾಗ ಹಳೇ ಒಕ್ಕೂಟದ ಗುರುತುಗಳನ್ನು ಇಬ್ಬರೂ ಬಳಸುವಂತಿಲ್ಲ ಎಂಬ ಕಾನೂನಿತ್ತು. ಜೆಕ್ಕರು ಬಾವುಟ ಮಾತ್ರ ಬಿಡಲಿಲ್ಲ. ಸ್ಲೊವಾಕ್ ಅತಿಥಿ ಯಾರಾದರೂ ಬಂದರೆ ಮೊದಲು ಕಣ್ಣಿಗೆ ಬೀಳುವುದು ಇದೇ. ಎರಡೂ ಬಾವುಟ ಹಾಕಿ. ಸ್ಲೊವಾಕ್ ಬಾವುಟದಲ್ಲಿ ಮೂರು ನೀಲಿ ಗುಡ್ಡ, ಅವುಗಳ ಮೇಲೆ ಎರಡು ಅಡ್ಡಪಟ್ಟಿಯ ಬಿಳಿ ಶಿಲುಬೆ ಇರುತ್ತದೆ. ಮುದ್ರಣಕ್ಕೆ ಕೊಡುವ ಮುನ್ನ ಅದು ಸ್ಲೊವೇನಿಯಾದ ಬಾವುಟವಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಬಣ್ಣದ ಪಟ್ಟಿಗಳು ಒಂದೇ ಥರ, ಗುರುತು ಬೇರೆ.

ನಕ್ಷೆ ಎರಡೇ

ಮೊದಲನೆಯದು 1914ರ ಆಸ್ಟ್ರಿಯಾ–ಹಂಗೇರಿ. ಜೆಕ್ಕರ ನಾಡಾದ ಬೊಹೀಮಿಯಾ, ಮೊರಾವಿಯಾ ವಿಯೆನ್ನಾದ ಆಡಳಿತದಲ್ಲಿ, ಸ್ಲೊವಾಕರ ನಾಡು ಬುಡಾಪೆಸ್ಟ್ ಆಡಳಿತದಲ್ಲಿ. ಈ ಒಂದು ಗೆರೆ ತೋರಿಸಿದರೆ ಮುಂದಿನ ಅರ್ಧ ಕಥೆ ತಾನಾಗಿ ಅರ್ಥವಾಗುತ್ತದೆ. ಜೆಕ್ಕರ ಕಡೆ ಕಾರ್ಖಾನೆ, ಜೆಕ್ ಭಾಷೆಯಲ್ಲೇ ವಿಶ್ವವಿದ್ಯಾಲಯ. ಸ್ಲೊವಾಕರ ಕಡೆ ಹಂಗೇರಿಯನ್ ಭಾಷೆಯ ಹೇರಿಕೆ. 1863ರಲ್ಲಿ ಸ್ಲೊವಾಕರು ಕಟ್ಟಿಕೊಂಡ ಸಾಂಸ್ಕೃತಿಕ ಸಂಸ್ಥೆ ಮಾತಿತ್ಸಾ ಸ್ಲೊವೆನ್ಸ್ಕಾಗೆ ಹನ್ನೆರಡೇ ವರ್ಷದಲ್ಲಿ ಸರ್ಕಾರ ಬೀಗ ಹಾಕಿತು. ಹೇರಿಕೆ ಎಂದರೇನು ಎಂದು ಕನ್ನಡದ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು 1920ರ ದಶಕದ ಜೆಕೊಸ್ಲೊವಾಕಿಯಾ. ಪೂರ್ವದ ತುದಿಯಲ್ಲಿ ಈಗ ಉಕ್ರೇನಿನಲ್ಲಿರುವ ಒಂದು ತುಂಡು ಕಾಣುತ್ತದೆ. ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು 1945ರಲ್ಲಿ ಸೋವಿಯತ್ ಪಾಲಾಯಿತು ಎಂದರೆ ಸಾಕು.

ಹೆಸರುಗಳು ಬಾಯಿಗೆ ಬರಲಿ

ಕನ್ನಡದವರಿಗೆ ಇದು ಸುಲಭ. ಹ್ರಸ್ವ, ದೀರ್ಘ ನಮಗೆ ಗೊತ್ತೇ ಇದೆ. ರೋಮನ್ ಲಿಪಿಯಲ್ಲಿ ಜೆ ಕಂಡರೆ ಯ ಎನ್ನಿ, ಸಿ ಕಂಡರೆ ತ್ಸ ಎನ್ನಿ. ಸಿ ಮೇಲೆ ಪುಟ್ಟ ಕೊಕ್ಕೆ ಇದ್ದರೆ ಚ, ಎಸ್ ಮೇಲೆ ಇದ್ದರೆ ಶ. ಸ್ವರದ ಮೇಲೆ ಓರೆ ಗೆರೆ ಇದ್ದರೆ ದೀರ್ಘ. ಒತ್ತು ಯಾವಾಗಲೂ ಮೊದಲ ಅಕ್ಷರಕ್ಕೆ. ಆರ್ ಮೇಲಿನ ಕೊಕ್ಕೆ ಮಾತ್ರ ಅಲ್ಲಿನ ಮಕ್ಕಳಿಗೇ ಕಷ್ಟ, ಬಿಟ್ಟುಬಿಡಿ. ಹೆಸರುಗಳನ್ನು ಕನ್ನಡದಲ್ಲೇ ಬರೆದುಕೊಂಡು ಹೋಗಿ, ಸಭೆಯ ಮುಂದೆ ತಡವರಿಸುವುದಿಲ್ಲ.

ಮೊದಲ ಐದು ನಿಮಿಷ

ವಂದನೆ, ಪೀಠಿಕೆ ಬೇಡ. ಹಳೇ ಜೆಕೊಸ್ಲೊವಾಕಿಯಾದ ರಾಷ್ಟ್ರಗೀತೆ ಹಾಕಿ.

ಅದು ಮೆಲ್ಲಗೆ ಶುರುವಾಗುತ್ತದೆ. ಹುಲ್ಲುಗಾವಲಿನಲ್ಲಿ ನೀರಿನ ಸದ್ದು, ಬಂಡೆಗಳ ನಡುವೆ ಪೈನ್ ಮರಗಳ ಮರ್ಮರ, ನನ್ನ ಮನೆ ಎಲ್ಲಿ ಎಂಬ ಪ್ರಶ್ನೆ. ಮುಗಿಯುತ್ತದೆ. ಒಂದು ಕ್ಷಣ ಮೌನ. ಗೊತ್ತಿಲ್ಲದವರು ಇಲ್ಲೇ ಚಪ್ಪಾಳೆ ತಟ್ಟುತ್ತಾರೆ, ತಟ್ಟಲಿ. ತಕ್ಷಣ ಎರಡನೇ ಹಾಡು ಧಡಧಡ ಹೊರಡುತ್ತದೆ. ತಾತ್ರಾ ಬೆಟ್ಟದ ಮೇಲೆ ಮಿಂಚು, ಗುಡುಗು. ರಾಗ ಬೇರೆ, ಓಟ ಬೇರೆ, ಭಾಷೆಯೂ ಬೇರೆ.

ಮೊದಲನೆಯದು ಜೆಕ್. 1834ರಲ್ಲಿ ಪ್ರಾಗ್‌ನ ರಂಗದ ಮೇಲೆ ಬಂದ ಒಂದು ಹಾಸ್ಯ ನಾಟಕದಲ್ಲಿ ಕುರುಡು ಪಿಟೀಲುಗಾರ ಹಾಡುವ ಹಾಡು ಅದು. ಎರಡನೆಯದು ಸ್ಲೊವಾಕ್. 1844ರಲ್ಲಿ ಬ್ರಾಟಿಸ್ಲಾವಾದ ಶಾಲೆಯಿಂದ ಶ್ಟೂರ್ ಮೇಷ್ಟ್ರನ್ನು ತೆಗೆದುಹಾಕಿದಾಗ ಸಿಟ್ಟಾದ ವಿದ್ಯಾರ್ಥಿಗಳು ಶಾಲೆ ಬಿಟ್ಟು ಹೊರಟರು. ಅವರಲ್ಲಿ ಒಬ್ಬ, ಯಾಂಕೊ ಮಾತುಶ್ಕಾ, ಬಾವಿ ತೋಡುವ ಹುಡುಗಿಯ ಜನಪದ ಹಾಡಿನ ಧಾಟಿಗೆ ಇದನ್ನು ಕಟ್ಟಿದ. ದೇಶ ಒಂದಾದಾಗ ಎರಡೂ ಹಾಡಿನ ಮೊದಲ ಚರಣ ಹಿಂದೆ ಮುಂದೆ ಇಟ್ಟು ರಾಷ್ಟ್ರಗೀತೆ ಮಾಡಿದರು. ಬೇರೆಯಾದಾಗ ಅವರವರ ಅರ್ಧ ಅವರವರು ತೆಗೆದುಕೊಂಡು ಹೋದರು. ಇಷ್ಟು ಹೇಳುವಷ್ಟರಲ್ಲಿ ಸಭೆ ನಿಮ್ಮ ಕೈಯಲ್ಲಿರುತ್ತದೆ. ದಿನಾಂಕಗಳ ಕಥೆ ಆಮೇಲೆ ಶುರು ಮಾಡಿ.

ಕೈಗೆ ಸಿಗುವಂಥದ್ದು ಒಂದಿರಲಿ

ಸ್ಲೈಡುಗಳನ್ನು ನೋಡಿ ನೋಡಿ ಜನಕ್ಕೆ ಸಾಕಾಗಿದೆ. ಒಂದು ವಸ್ತು ಮೇಜಿನ ಮೇಲಿಡಿ.

ಮೈಸೂರು ಸುತ್ತಮುತ್ತ ಆದರೆ ಯೋಚನೆಯೇ ಬೇಡ, ಜಾವಾ. ಪ್ರಾಗ್‌ನ ಫ್ರಾಂತಿಶೆಕ್ ಯಾನೆಚೆಕ್ ಎಂಬ ಎಂಜಿನಿಯರ್ 1929ರಲ್ಲಿ ಶುರು ಮಾಡಿದ ಬೈಕ್. ಅವನ ಹೆಸರಿನ ಮೊದಲೆರಡು ಅಕ್ಷರಕ್ಕೆ ಜರ್ಮನಿಯ ವಾಂಡರರ್ ಕಂಪನಿ ಹೆಸರಿನ ಎರಡು ಅಕ್ಷರ ಸೇರಿ ಜಾವಾ ಆಯಿತು. 1960ರ ದಶಕದ ಆರಂಭದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಿ ಶುರು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಹಳೇ ಮಾಲೀಕರೊಬ್ಬರನ್ನು ಬೈಕ್ ಸಮೇತ ಕರೆಸಿ. ಅದರ ಗೇರ್ ಲಿವರ್ರೇ ಕಿಕ್ಕರ್ ಕೂಡ. ಎಡಗಾಲ ಹತ್ತಿರ ಇರುವ ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಒದ್ದು ಸ್ಟಾರ್ಟ್ ಮಾಡಿ ಕೆಳಗೆ ತಂದರೆ ಗೇರ್. ಅವರೇ ತೋರಿಸಲಿ. ಒಂದು ಎಚ್ಚರಿಕೆ, ಜಾವಾ ಅಂದರೆ ಬರೀ ಜೆಕ್ ಎಂದು ಇಲ್ಲೂ ಬಿಡಬೇಡಿ. ಜಾವಾದ ಪುಟ್ಟ ಪಿಯೊನೀರ್ ಬೈಕುಗಳು ತಯಾರಾಗುತ್ತಿದ್ದದ್ದು ಸ್ಲೊವಾಕಿಯಾದ ಪೊವಾಜ್ಸ್ಕಾ ಬಿಸ್ತ್ರಿತ್ಸಾ ಎಂಬ ಊರಲ್ಲಿ.

ಬೈಕ್ ಸಿಗದಿದ್ದರೆ ನೀಲಿ ಬಟ್ಟೆ. 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಲೆ ಇದು. ಜೆಕ್, ಸ್ಲೊವಾಕ್ ಜೊತೆ ಆಸ್ಟ್ರಿಯಾ, ಜರ್ಮನಿ, ಹಂಗೇರಿಯದ್ದೂ ಹೌದು. ಹಿತ್ತಾಳೆ ಮೊಳೆ ಬಡಿದ ಮರದ ಅಚ್ಚಿನಿಂದ ಬಿಳಿ ಬಟ್ಟೆಯ ಮೇಲೆ ಬಣ್ಣ ತಡೆಯುವ ಲೇಪ ಒತ್ತುತ್ತಾರೆ. ಒಣಗಿಸಿ ನೀಲಿಯ ತೊಟ್ಟಿಗೆ ಇಳಿಸುತ್ತಾರೆ. ಮೇಲೆತ್ತಿದಾಗ ಬಟ್ಟೆ ಹಸಿರು ಹಳದಿ, ಗಾಳಿ ತಗುಲಿದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಮತ್ತೆ ಮತ್ತೆ ಅದ್ದಿ, ಕೊನೆಗೆ ಲೇಪ ತೊಳೆದರೆ ಬಿಳಿ ಹೂವು ಉಳಿಯುತ್ತದೆ. ಯುರೋಪಿಗೆ ಆ ನೀಲಿ ಮೊದಲು ಹೋಗಿದ್ದು ಭಾರತದ ಕಡೆಯಿಂದ. ವಿಡಿಯೊ ತೋರಿಸುವುದಾದರೆ ತೊಟ್ಟಿಯಿಂದ ಎತ್ತುವ ಆ ಅರ್ಧ ನಿಮಿಷವೇ ಸಾಕು.

ಸದ್ದು ಬೇಕೆಂದರೆ ಫುಯಾರಾ. ಸ್ಲೊವಾಕ್ ಕುರಿಗಾಹಿಗಳ ಕೊಳಲು, ಆಳೆತ್ತರ ಇರುತ್ತದೆ, ಬೆರಳಿಡಲು ತೂತು ಮೂರೇ. ಊಟದ ವಿಷಯಕ್ಕೆ ಜಾಸ್ತಿ ಹೋಗಬೇಡಿ. ಕ್ರಿಸ್‌ಮಸ್ ಹಿಂದಿನ ರಾತ್ರಿ ಜೆಕ್ಕರ ತಟ್ಟೆಯಲ್ಲಿ ಕರಿದ ಕಾರ್ಪ್ ಮೀನು, ಆಲೂಗಡ್ಡೆ ಸಲಾಡ್. ಸ್ಲೊವಾಕರಲ್ಲಿ ಮೊದಲು ತೆಳ್ಳನೆ ಬಿಲ್ಲೆಗೆ ಜೇನು, ಬೆಳ್ಳುಳ್ಳಿ, ಆಮೇಲೆ ಹುಳಿ ಎಲೆಕೋಸಿನ ಸೂಪು. ಇಷ್ಟು ಹೇಳಿ ಮುಂದೆ ಹೋಗಿ.

ನೋವಿನ ವಿಷಯಗಳನ್ನು ಬಿಡಬೇಡಿ, ಉರಿಸಲೂಬೇಡಿ

ಉಪನ್ಯಾಸ ಅಂದರೆ ಹೊಗಳಿಕೆಯಲ್ಲ. ಮೂರು ವಿಷಯ ಹೇಳಲೇಬೇಕು.

1942ರಲ್ಲಿ ಟಿಸೊ ಸರ್ಕಾರ ಸುಮಾರು 58,000 ಯಹೂದಿಗಳನ್ನು ಸಾವಿನ ಶಿಬಿರಗಳ ಕಡೆ ಕಳಿಸಿತು. ಅಷ್ಟೇ ಅಲ್ಲ, ಕಳಿಸಿದ ಪ್ರತಿಯೊಬ್ಬರ ಲೆಕ್ಕಕ್ಕೆ ಜರ್ಮನಿಗೆ 500 ಮಾರ್ಕ್ ಕೊಡಲು ಒಪ್ಪಿತು. ಜೆಕ್ ಕಡೆ, ಪ್ರಾಗ್‌ನ ಪಿಂಕಾಸ್ ಸಿನಗಾಗ್ ಗೋಡೆಗಳ ಮೇಲೆ ಬೊಹೀಮಿಯಾ, ಮೊರಾವಿಯಾದಿಂದ ಹೋಗಿ ಸತ್ತ ಯಹೂದಿಗಳ ಹೆಸರುಗಳಿವೆ, 80,000ದ ಹತ್ತಿರ. ಎರಡನೆಯದು ಜಿಪ್ಸಿಗಳೆಂದು ಕರೆಸಿಕೊಳ್ಳುವ ರೋಮಾ ಜನರದ್ದು. ಬೊಹೀಮಿಯಾದ ಲೆಟಿ ಎಂಬಲ್ಲಿ ಅವರನ್ನು ಕೂಡಿಹಾಕಿದ್ದ ಶಿಬಿರವನ್ನು ಕಾವಲು ಕಾದವರು ಜೆಕ್ಕರೇ. ಆ ಜಾಗದಲ್ಲಿ ಆಮೇಲೆ ದಶಕಗಳ ಕಾಲ ಹಂದಿ ಸಾಕಣೆ ನಡೆಯಿತು. ಸ್ಮಾರಕ ತೆರೆದದ್ದು 2024ರಲ್ಲಿ. ಮೂರನೆಯದು, ಯುದ್ಧ ಮುಗಿದ ಮೇಲೆ ಸುಮಾರು 30 ಲಕ್ಷ ಜರ್ಮನ್ ಭಾಷಿಕರನ್ನು ದೇಶದಿಂದ ಹೊರಹಾಕಿದ್ದು.

ಇವನ್ನು ಹೇಳುವಾಗ ದನಿ ಏರಿಸಬೇಡಿ. ಅಂಕಿ, ಊರು, ವರ್ಷ ಹೇಳಿ, ಸ್ವಲ್ಪ ನಿಲ್ಲಿ, ಮುಂದೆ ಹೋಗಿ. ಸಭೆಯಲ್ಲಿ ಯಾರಾದರೂ "ಅವರು ಮಾಡಿದ್ದಕ್ಕೆ ಇವರು ಮಾಡಿದರು" ಎಂದು ತೂಗಲು ಹೊರಟರೆ ಆ ತಕ್ಕಡಿಗೆ ಕೈ ಹಾಕಬೇಡಿ. ಎರಡೂ ಆಗಿದ್ದು ನಿಜ ಎಂದಷ್ಟೇ ಹೇಳಿ.

ಸಮಯ

ಮಾತು 45 ನಿಮಿಷ, ಪ್ರಶ್ನೆ 15. ರಾಷ್ಟ್ರಗೀತೆ, ನಕ್ಷೆಗೆ ಹತ್ತು. 1918ಕ್ಕೆ ಹತ್ತು. 1938ರಿಂದ 1945ಕ್ಕೆ ಹತ್ತು. 1968ಕ್ಕೆ ಏಳೆಂಟು. ಉಳಿದದ್ದು 1989 ಮತ್ತು ಒಡಕಿಗೆ. 1948ರಿಂದ 1967 ಎರಡೇ ನಿಮಿಷದಲ್ಲಿ ಹೋಗಲಿ. ಪರವಾಗಿಲ್ಲ. ಅಧ್ಯಕ್ಷರ ಭಾಷಣ ಮೊದಲೇ ಇದ್ದರೆ ನಿಮ್ಮ ಲೆಕ್ಕದಲ್ಲಿ ಹತ್ತು ನಿಮಿಷ ಕಳೆದುಕೊಂಡೇ ತಯಾರಾಗಿ.

ಪ್ರಶ್ನೆಗಳು

ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಯಾಕೆ ಬೇರೆಯಾದರು? ಉತ್ತರ ಸಿದ್ಧವಿರಲಿ. 1990ರಲ್ಲೇ ದೇಶದ ಹೆಸರಿನ ಮಧ್ಯೆ ಅಡ್ಡಗೆರೆ ಇರಬೇಕೋ ಬೇಡವೋ ಎಂದು ಸಂಸತ್ತಿನಲ್ಲಿ ವಾರಗಟ್ಟಲೆ ಜಗಳವಾಗಿತ್ತು. ಕಮ್ಯುನಿಸ್ಟ್ ಕಾಲದಲ್ಲಿ ಭಾರೀ ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ಸ್ಲೊವಾಕಿಯಾದಲ್ಲಿ ಕಟ್ಟಿದ್ದರು. 1989ರ ನಂತರ ಅವುಗಳಿಗೆ ಗಿರಾಕಿ ಇಲ್ಲ, ಅಲ್ಲಿ ನಿರುದ್ಯೋಗ ಜೆಕ್ ಕಡೆಗಿಂತ ತುಂಬಾ ಜಾಸ್ತಿ. 1992ರ ಜೂನ್ ಚುನಾವಣೆಯಲ್ಲಿ ಜೆಕ್ ಕಡೆ ವಾಟ್ಸ್ಲಾವ್ ಕ್ಲೌಸ್ ಗೆದ್ದ, ಮಾರುಕಟ್ಟೆ ಸುಧಾರಣೆ ಬೇಗ ಆಗಲಿ ಎಂದ. ಸ್ಲೊವಾಕ್ ಕಡೆ ವ್ಲಾದಿಮೀರ್ ಮೆಚಿಯಾರ್ ಗೆದ್ದ, ನಿಧಾನ ಮಾಡಿ, ನಮಗೆ ಸರಿಸಮಾನ ಅಧಿಕಾರ ಕೊಡಿ ಎಂದ. ಇಬ್ಬರೂ ಬ್ರ್ನೊದ ಟುಗೆಂಡ್‌ಹಾಟ್ ಬಂಗಲೆಯಲ್ಲಿ ಕೂತು ಬೇರೆಯಾಗುವುದನ್ನು ತೀರ್ಮಾನಿಸಿದರು. ಒಕ್ಕೂಟದ ಅಧ್ಯಕ್ಷ ಹಾವೆಲ್ ಅದಕ್ಕೂ ಮೊದಲೇ ರಾಜೀನಾಮೆ ಕೊಟ್ಟಿದ್ದ.

ಜನರನ್ನು ಕೇಳಿದರಾ? ಇಲ್ಲ. ಜನಮತ ಗಣನೆ ನಡೆಯಲೇ ಇಲ್ಲ, ಸಮೀಕ್ಷೆಗಳಲ್ಲಿ ಎರಡೂ ಕಡೆ ಬಹುಮತ ಒಡಕಿನ ಪರ ಇರಲಿಲ್ಲ. ಆಸ್ತಿ ಹೇಗೆ ಹಂಚಿದರು? ಜನಸಂಖ್ಯೆ ನೋಡಿ ಎರಡಕ್ಕೆ ಒಂದು. ನೋಟುಗಳು? ಹೊಸ ನೋಟು ಅಚ್ಚಾಗುವವರೆಗೆ ಹಳೇ ನೋಟಿನ ಮೇಲೇ ಅವರವರ ಚೀಟಿ ಅಂಟಿಸಿಕೊಂಡರು. ಈಗ ಜಗಳ ಇದೆಯಾ? ಇಲ್ಲ. 2004ರ ಮೇ 1ರಂದು ಇಬ್ಬರೂ ಒಟ್ಟಿಗೆ ಯುರೋಪಿಯನ್ ಒಕ್ಕೂಟ ಸೇರಿದರು. ಸ್ಲೊವಾಕಿಯಾ 2009ರಲ್ಲಿ ಯೂರೊ ತಂದುಕೊಂಡಿತು, ಜೆಕ್ಕರು ಕೊರುನಾ ಬಿಟ್ಟಿಲ್ಲ.

ಭಾರತಕ್ಕೂ ಅವರಿಗೂ ಏನು ಸಂಬಂಧ ಎಂದು ಕೇಳಿದರೆ ಬಾಟಾ, ಜಾವಾ ಆಯಿತು, ಎಚ್‌ಎಂಟಿ ಟ್ರ್ಯಾಕ್ಟರ್ ಹೇಳಿ. ಅದು ಬ್ರ್ನೊದ ಜೆಟರ್ ಕಂಪನಿಯ ತಂತ್ರಜ್ಞಾನದಿಂದ ಬಂದದ್ದು. ಟ್ಯಾಗೋರ್ 1921ರಲ್ಲೂ 1926ರಲ್ಲೂ ಪ್ರಾಗ್‌ಗೆ ಹೋಗಿದ್ದರು, ಅವರ ಹೆಸರಿನ ಬೀದಿ ಅಲ್ಲಿದೆ. ದ್ರಾವಿಡ ಭಾಷೆಗಳನ್ನು ಬಲ್ಲವರಿದ್ದರೆ ಕಾಮಿಲ್ ಜ್ವೆಲೆಬಿಲ್ ಹೆಸರು ಎತ್ತಿ. ತಮಿಳು ಸಾಹಿತ್ಯದ ಜೊತೆ ನೀಲಗಿರಿಯ ಇರುಳರ ಭಾಷೆಯನ್ನೂ ಅಧ್ಯಯನ ಮಾಡಿದ ಪ್ರಾಗ್‌ನ ವಿದ್ವಾಂಸ. 1968ರ ದಾಳಿಯ ನಂತರ ಅವರು ದೇಶ ಬಿಟ್ಟರು.

ಇನ್ನೂ ತಿಳಿಯಬೇಕು ಎನ್ನುವವರು ಕೊನೆಗೆ ನಿಮ್ಮ ಸುತ್ತ ನಿಲ್ಲುತ್ತಾರೆ. ಅಮೆರಿಕದಲ್ಲಿರುವವರಿಗೆ ಅಯೊವಾದ ಸೀಡರ್ ರಾಪಿಡ್ಸ್‌ನ ಜೆಕ್–ಸ್ಲೊವಾಕ್ ರಾಷ್ಟ್ರೀಯ ಮ್ಯೂಸಿಯಂ ತೋರಿಸಿ. 1995ರಲ್ಲಿ ಕ್ಲಿಂಟನ್, ಹಾವೆಲ್, ಸ್ಲೊವಾಕ್ ಅಧ್ಯಕ್ಷ ಕೊವಾಚ್ ಮೂವರೂ ಬಂದು ಅದನ್ನು ಉದ್ಘಾಟಿಸಿದರು. 2008ರ ಪ್ರವಾಹದಲ್ಲಿ ಮುಳುಗಿದ ಮೇಲೆ ಇಡೀ ಕಟ್ಟಡವನ್ನೇ ಬೇರೆ ಕಡೆ ಸರಿಸಿ 11 ಅಡಿ ಎತ್ತರಿಸಿದ್ದಾರೆ. ಯುರೋಪಿಗೆ ಹೋಗುವವರು ಪ್ರಾಗ್ ಒಂದನ್ನೇ ನೋಡಿ ಬರದಿರಲಿ. ಅಲ್ಲಿಂದ ಬ್ರಾಟಿಸ್ಲಾವಾಗೆ ರೈಲಿನಲ್ಲಿ ನಾಲ್ಕು ಗಂಟೆ ಆಚೀಚೆ, ದಾರಿಯಲ್ಲೇ ಬ್ರ್ನೊ. ಟುಗೆಂಡ್‌ಹಾಟ್ ಬಂಗಲೆ ನೋಡಬೇಕಾದರೆ ಟಿಕೆಟ್ ತಿಂಗಳುಗಳ ಮುಂಚೆಯೇ ಖಾಲಿಯಾಗುತ್ತದೆ. ಬುಕ್ ಮಾಡಿಕೊಂಡೇ ಹೊರಡಲು ಹೇಳಿ.